ಗ್ರೇಸ್ ಹಾಪರ್ ಮತ್ತು ಕನ್ನಡ ಬಾರದ ಕಂಪ್ಯೂಟರ್

ನನ್ನ ಹೊಟ್ಟೆಪಾಡು ಕೋಬಾಲ್ ಅನ್ನುವ ಹಳೇ ಪ್ರೋಗ್ರಾಮಿಂಗ್ ಭಾಷೆ. ಸಾಗರದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಪಕ್ಕದ ಮನೆಯ ಮಹಡಿ ಮೇಲೆ ಕೂತು, ದೂರದ ದೇಶದ ಒಂದು ಬ್ಯಾಂಕಿನ ಹಳೇ ಪ್ರೋಗ್ರಾಮ್‌ಗಳನ್ನು ನೋಡಿಕೊಳ್ಳುತ್ತೇನೆ. ಕೋಬಾಲ್ ಅಂದರೆ ಈಗಿನ ಹುಡುಗರಿಗೆ ನಗು. ನಗಲಿ ಬಿಡಿ. ಆ ಪ್ರೋಗ್ರಾಮ್‌ಗಳಲ್ಲಿ ಕೆಲವು ವಯಸ್ಸಿನಲ್ಲಿ ನನಗಿಂತ ದೊಡ್ಡವು. ಇವತ್ತಿಗೂ ಪ್ರತಿ ರಾತ್ರಿ ಬಡ್ಡಿ ಲೆಕ್ಕ ಹಾಕುತ್ತವೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟೂ ನೆಟ್ಟೂ ಒಟ್ಟಿಗೇ ಹೋಗಿ, ನಾನು ಇನ್ವರ್ಟರ್ ಎಷ್ಟು ಹೊತ್ತು ಬರುತ್ತದೋ ಅಂತ ನೋಡುತ್ತಾ ಕೂತಿದ್ದರೂ ಅವು ತಮ್ಮ ಪಾಡಿಗೆ ತಾವು ಓಡುತ್ತಿರುತ್ತವೆ.

ಅದರಲ್ಲಿ ಒಂದು ಸಾಲು ಹೀಗಿರುತ್ತದೆ: ಮಲ್ಟಿಪ್ಲೈ ಕ್ವಾಂಟಿಟಿ ಬೈ ರೇಟ್ ಗಿವಿಂಗ್ ಅಮೌಂಟ್. ಇಷ್ಟನ್ನು ಈ ದರದಿಂದ ಗುಣಿಸು, ಬಂದದ್ದನ್ನು ಮೊತ್ತ ಅನ್ನುವ ಕಡೆ ಇಡು, ಅಷ್ಟೇ. ಪ್ರೋಗ್ರಾಮಿಂಗ್ ಗಂಧಗಾಳಿ ಇಲ್ಲದ, ಇಂಗ್ಲಿಷ್ ಬಲ್ಲ ಯಾವ ಗುಮಾಸ್ತನಾದರೂ ಓದಿ ತಲೆಯಾಡಿಸಬಹುದು. ಕಂಪ್ಯೂಟರಿನ ಜೊತೆ ಹೀಗೆ ಮಾತಾಡಲು ಸಾಧ್ಯ ಅಂತ, ಯಾರೂ ನಂಬದ ಕಾಲದಲ್ಲಿ ಹಠ ಹಿಡಿದವರು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್. ನನ್ನ ಅನ್ನ ಅವರ ಹಠದ ಮೇಲೆ ನಿಂತಿದೆ. ಅದಕ್ಕೇ ಅವರ ಬಗ್ಗೆ ಸ್ವಲ್ಪ ಬರೆಯಬೇಕು ಅನ್ನಿಸಿತು.

ಪ್ರೋಗ್ರಾಮಿನ ತಪ್ಪಿಗೆ ಬಗ್, ಅಂದರೆ ಹುಳ, ಅನ್ನುತ್ತಾರಲ್ಲ, ಅದರ ಜೊತೆ ಸದಾ ಹೇಳುವ ಪತಂಗದ ಕಥೆಯನ್ನು ಮೊದಲು ಮುಗಿಸಿಬಿಡೋಣ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್-2 ಕಂಪ್ಯೂಟರಿನ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಒಳಗೆ ಒಂದು ಪತಂಗ ಸಿಕ್ಕಿಕೊಂಡಿತ್ತು, ಅದನ್ನು ತೆಗೆದು ಲಾಗ್ ಪುಸ್ತಕಕ್ಕೆ ಟೇಪ್ ಹಾಕಿ ಅಂಟಿಸಿದರು. ಆ ಪುಟ ಈಗಲೂ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ಹಿಡಿದವರು ಹಾಪರ್ ಅಲ್ಲ. ಕಥೆಯನ್ನು ಚೆನ್ನಾಗಿ ಹೇಳುತ್ತಿದ್ದವರು ಹಾಪರ್. ಅವರ ಹೆಸರು ಬಂದಲ್ಲೆಲ್ಲ ಈ ಹುಳವೂ ಬರುತ್ತದೆ, ಅಸಲು ಕೆಲಸ ಹಿಂದೆ ಉಳಿಯುತ್ತದೆ. ನಮ್ಮಲ್ಲಿ ಜೂನ್ ತಿಂಗಳಲ್ಲಿ ಲೈಟ್ ಹಾಕಿದರೆ ಪರದೆ ತುಂಬಾ ಹುಳ ಬರುತ್ತದೆ, ಯಾರೂ ಮ್ಯೂಸಿಯಮ್ಮಿನಲ್ಲಿ ಇಡುವುದಿಲ್ಲ.

1906ರ ಡಿಸೆಂಬರ್ 9, ನ್ಯೂಯಾರ್ಕಿನಲ್ಲಿ ಹುಟ್ಟಿದ್ದು. ಏಳು ವರ್ಷದವರಿದ್ದಾಗ ಅಲಾರಾಂ ಗಡಿಯಾರ ಹೇಗೆ ಕೆಲಸ ಮಾಡುತ್ತದೆ ಅಂತ ಬಿಚ್ಚಿದರಂತೆ. ಜೋಡಿಸಲು ಬರಲಿಲ್ಲ. ಇನ್ನೊಂದನ್ನು ನೋಡಿ ಜೋಡಿಸೋಣ ಅಂತ ಅದನ್ನೂ ಬಿಚ್ಚಿದರು, ಹೀಗೇ ಮನೆಯಲ್ಲಿದ್ದ ಏಳೂ ಗಡಿಯಾರ ಬಿಚ್ಚಿಹಾಕಿದ ಮೇಲೆ ತಾಯಿಗೆ ಗೊತ್ತಾಯಿತು. ಬೈಯುವ ಬದಲು ತಾಯಿ ಒಂದು ಗಡಿಯಾರ ಕೊಟ್ಟು, ಬಿಚ್ಚುವುದಿದ್ದರೆ ಇದೊಂದನ್ನೇ ಬಿಚ್ಚು ಅಂದರು. ಒಳ್ಳೇ ತಾಯಿ. ಆಮೇಲೆ ವಾಸರ್ ಕಾಲೇಜು, 1934ರಲ್ಲಿ ಯೇಲ್‌ನಿಂದ ಗಣಿತದಲ್ಲಿ ಪಿಎಚ್‌ಡಿ, ವಾಸರಿನಲ್ಲೇ ಪಾಠ ಹೇಳುವ ಕೆಲಸ. ಅಲ್ಲಿಗೇ ನಿಂತಿದ್ದರೆ ಒಬ್ಬ ಒಳ್ಳೇ ಗಣಿತದ ಮೇಡಂ ಆಗಿ ರಿಟೈರ್ ಆಗುತ್ತಿದ್ದರೇನೋ.

ಯುದ್ಧ ಬಂತು. 1943ರ ಕೊನೆಯಲ್ಲಿ ನೌಕಾಪಡೆಗೆ ಸೇರಿದಾಗ ಅವರಿಗೆ 37 ವರ್ಷ. ತೂಕ ಬೇಕಾದ್ದಕ್ಕಿಂತ 15 ಪೌಂಡ್ ಕಮ್ಮಿ, ಅದಕ್ಕೆ ವಿಶೇಷ ವಿನಾಯಿತಿ ಪಡೆದೇ ಒಳಗೆ ಹೋದರು. ಕಳಿಸಿದ್ದು ಹಾರ್ವರ್ಡಿನ ಮಾರ್ಕ್-1 ಯಂತ್ರದ ಹತ್ತಿರ. 51 ಅಡಿ ಉದ್ದ, ಹತ್ತಿರ ಹತ್ತಿರ 5 ಟನ್ ತೂಕ, ಸೆಕೆಂಡಿಗೆ ಮೂರು ಕೂಡುವ ಲೆಕ್ಕ. ಒಂದು ಗುಣಾಕಾರಕ್ಕೆ ಸುಮಾರು ಆರು ಸೆಕೆಂಡ್. ಅದರ ಒಡೆಯನಂತಿದ್ದ ಹೋವರ್ಡ್ ಐಕನ್, ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಅನ್ನುವ ಧಾಟಿಯಲ್ಲೇ ಬರಮಾಡಿಕೊಂಡು ಕೈಗೆ ಕೆಲಸ ಕೊಟ್ಟರು. ಹಾಪರ್ ಆ ಯಂತ್ರವನ್ನು ಕಲಿತದ್ದು ಮಾತ್ರವಲ್ಲ, ಅದಕ್ಕೆ 500 ಪುಟ ಮೀರಿದ ಕೈಪಿಡಿಯನ್ನೂ ಬರೆದರು, 1946ರಲ್ಲಿ ಅಚ್ಚಾಯಿತು.

ನನಗೆ ಇಷ್ಟವಾಗುವ ಭಾಗ ಇಲ್ಲಿಂದ ಶುರು.

ಆ ಕಾಲದಲ್ಲಿ ಪ್ರೋಗ್ರಾಮ್ ಬರೆಯುವವರ ಹತ್ತಿರ ಒಂದೊಂದು ನೋಟ್‌ಬುಕ್ ಇರುತ್ತಿತ್ತು. ತ್ರಿಕೋನಮಿತಿಯ ಸೈನ್ ತೆಗೆಯುವ ತುಣುಕು, ವರ್ಗಮೂಲ ತೆಗೆಯುವ ತುಣುಕು, ಒಮ್ಮೆ ಸರಿಯಾಗಿ ಓಡಿದ್ದನ್ನೆಲ್ಲ ಅದರಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಯಾರಿಗಾದರೂ ಬೇಕಾದರೆ, ನಿನ್ನ ಪುಸ್ತಕ ಕೊಡು ಮಾರಾಯ ಅಂತ ಇಸಕೊಂಡು ಕೈಯಲ್ಲಿ ನಕಲು ಮಾಡುವುದು. ಆದರೆ ಪ್ರತಿ ತುಣುಕೂ ಸೊನ್ನೆಯಿಂದ ಶುರುವಾಗುತ್ತಿತ್ತು, ನಿಮ್ಮ ಪ್ರೋಗ್ರಾಮಿನ ನಡುವೆ ಸೇರಿಸಬೇಕಾದರೆ ಒಳಗಿನ ಪ್ರತಿ ವಿಳಾಸಕ್ಕೂ (ಯಂತ್ರದೊಳಗಿನ ಜಾಗದ ಸಂಖ್ಯೆಗೆ) ಇಷ್ಟು ಅಂತ ಕೂಡುತ್ತಾ ಹೋಗಬೇಕು. ಹಾಪರ್ ಗಮನಿಸಿದ್ದು ಎರಡು ವಿಷಯ. ಪ್ರೋಗ್ರಾಮ್ ಬರೆಯುವವರಿಗೆ ಕೂಡಲು ಬರುವುದಿಲ್ಲ. ಅವರಿಗೆ ನಕಲು ಮಾಡಲೂ ಬರುವುದಿಲ್ಲ. ನಾಲ್ಕು ಅನ್ನುವುದು ಡೆಲ್ಟಾ ಆಗುತ್ತಿತ್ತು, ಬಿ ಅನ್ನುವ ಅಕ್ಷರ 13 ಆಗುತ್ತಿತ್ತು. ಕೂಡುವುದು, ನಕಲು ಮಾಡುವುದು, ಎರಡನ್ನೂ ತಪ್ಪಿಲ್ಲದೆ ಮಾಡುವ ದೊಡ್ಡ ಯಂತ್ರ ಎದುರಿಗೇ ನಿಂತಿದೆ. ಆ ಚಾಕರಿ ಅದಕ್ಕೇ ಯಾಕೆ ಕೊಡಬಾರದು?

ಇದರ ಜೊತೆಗೆ ಬ್ಯಾಂಕ್ ಖಾತೆಯ ಕಥೆಯೂ ಇದೆ. 1949ರಲ್ಲಿ ಹಾಪರ್ ಫಿಲಡೆಲ್ಫಿಯಾದ ಎಕರ್ಟ್-ಮಾಕ್ಲಿ ಕಂಪನಿಗೆ ಸೇರಿದರು. ಅಲ್ಲಿನ ಬೈನಾಕ್ ಯಂತ್ರಕ್ಕೆ ಎಂಟರ ಲೆಕ್ಕದಲ್ಲಿ ಬರೆಯಬೇಕಿತ್ತು. ಅಂದರೆ ಏಳರ ನಂತರ ನೇರ ಹತ್ತು. ಅದನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ, ಸ್ವಂತ ಚೆಕ್‌ಬುಕ್ಕಿನ ಲೆಕ್ಕ ಬ್ಯಾಂಕಿನ ಲೆಕ್ಕಕ್ಕೆ ತಾಳೆಯಾಗುವುದೇ ನಿಂತುಹೋಯಿತು. ಬ್ಯಾಂಕಿನಲ್ಲಿದ್ದ ತಮ್ಮನಿಗೆ ತೋರಿಸಿದರು. ಅವನು ಕೆಲವು ಸಂಜೆ ಕೂತು ನೋಡಿ, ನೀನು ನಡುನಡುವೆ ಎಂಟರ ಲೆಕ್ಕದಲ್ಲಿ ಕಳೆದಿದ್ದೀಯ ಅಂದ. ಹಾಪರ್ ಇದನ್ನು ತಮಾಷೆಯಾಗಿಯೇ ಹೇಳುತ್ತಿದ್ದರು. ನನಗೆ ಮಾತ್ರ ಅವರ ಇಡೀ ಜೀವನದ ಕೆಲಸ ಇದರೊಳಗೇ ಕಾಣುತ್ತದೆ. ಯಂತ್ರದ ಜೊತೆ ಇರಬೇಕಾದರೆ ಮನುಷ್ಯ ತನ್ನ ಎಣಿಕೆಯನ್ನೇ ಮರೆಯಬೇಕಾ? ಬಗ್ಗಬೇಕಾದವರು ಯಾರು, ನಾವಾ, ಅದಾ?

1952ರ ಹೊತ್ತಿಗೆ ಆ ಚಾಕರಿ ಮಾಡುವ ಹಾಪರ್ ಅವರ ಪ್ರೋಗ್ರಾಮ್, ಎ-0, ಸಿದ್ಧವಾಯಿತು. ತುಣುಕುಗಳೆಲ್ಲ ಟೇಪಿನ ಮೇಲೆ, ಒಂದೊಂದಕ್ಕೂ ಒಂದು ಕರೆಯುವ ಸಂಖ್ಯೆ. ನೀವು ಸಂಖ್ಯೆ ಹೇಳಿದರೆ ಯುನಿವ್ಯಾಕ್ ಯಂತ್ರವೇ ಟೇಪಿನಿಂದ ಹುಡುಕಿ ತಂದು, ವಿಳಾಸ ಕೂಡಿ, ಸರಿಯಾದ ಜಾಗದಲ್ಲಿ ಜೋಡಿಸುತ್ತಿತ್ತು. ಮನುಷ್ಯ ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಇವತ್ತಿನ ಕಂಪೈಲರ್‌ಗೆ ಹೋಲಿಸಿದರೆ ಏನೂ ಅಲ್ಲ, ತುಣುಕು ಜೋಡಿಸುವ ಲಿಂಕರ್ ಅಂದರೆ ಇನ್ನೂ ಸರಿ. ಆದರೆ ಪ್ರೋಗ್ರಾಮನ್ನು ಒಂದು ಪ್ರೋಗ್ರಾಮೇ ಬರೆಯುತ್ತದೆ ಅನ್ನುವುದು ಆಗ ಹೊಸ ವಿಷಯ. ಓಡುತ್ತಿರುವ ಕಂಪೈಲರ್ ಕೈಯಲ್ಲಿದ್ದರೂ ಯಾರೂ ಮುಟ್ಟಲಿಲ್ಲ ಅಂತ ಆಮೇಲೆ ಹೇಳಿಕೊಂಡಿದ್ದಾರೆ. ಕಂಪ್ಯೂಟರ್ ಇರುವುದು ಅಂಕಗಣಿತಕ್ಕೆ, ಅದು ಪ್ರೋಗ್ರಾಮ್ ಹೇಗೆ ಬರೆಯುತ್ತದೆ ಅನ್ನುವುದು ಎಲ್ಲರ ವಾದ.

ಹಾಪರ್ ಅಲ್ಲಿಗೂ ನಿಲ್ಲಲಿಲ್ಲ. ಗಣಿತದವರಿಗೆ ಚಿಹ್ನೆಗಳು ಹಿಡಿಸುತ್ತವೆ, ಸರಿ. ಸಂಬಳದ ಪಟ್ಟಿ, ದಾಸ್ತಾನಿನ ಲೆಕ್ಕ ಬರೆಯುವವರಿಗೆ ಚಿಹ್ನೆ ಕಂಡರೆ ಆಗುವುದಿಲ್ಲ, ಅವರಿಗೆ ಮಾತಿನಲ್ಲೇ ಬರೆಯಲು ಬಿಡಿ ಅಂದರು. ಮ್ಯಾನೇಜ್‌ಮೆಂಟಿಗೆ ತೋರಿಸಲು ಒಂದು ಪುಟ್ಟ ಪ್ರೋಗ್ರಾಮನ್ನು ಇಂಗ್ಲಿಷ್ ಪದಗಳಲ್ಲಿ ಬರೆದು ಓಡಿಸಿದರು. ಆಮೇಲೆ ಅದನ್ನೇ ಫ್ರೆಂಚಿನಲ್ಲಿ ಬರೆದರು. ಜರ್ಮನ್ನಿನಲ್ಲೂ ಬರೆದರು. ಯಂತ್ರಕ್ಕೆ ಏನೂ ವ್ಯತ್ಯಾಸ ಇಲ್ಲ, ಪದ ಯಾವ ಭಾಷೆಯದಾದರೂ ಒಳಗೆ ಹೋದ ಮೇಲೆ ಒಂದಷ್ಟು ಬಿಟ್‌ಗಳು, ಅಷ್ಟೇ ತಾನೇ.

ಮ್ಯಾನೇಜ್‌ಮೆಂಟಿನವರು ಬೆಚ್ಚಿಬಿದ್ದರು! 1978ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪ್ರೋಗ್ರಾಮಿಂಗ್ ಭಾಷೆಗಳ ಇತಿಹಾಸದ ಬಗ್ಗೆ ಒಂದು ಸಮ್ಮೇಳನ ನಡೆಯಿತು, ಅಲ್ಲಿ ಹಾಪರ್ ಇದನ್ನು ಹೇಳಿದ್ದಾರೆ. ಫಿಲಡೆಲ್ಫಿಯಾದಲ್ಲಿ ತಯಾರಾದ ಮರ್ಯಾದಸ್ಥ ಅಮೆರಿಕನ್ ಕಂಪ್ಯೂಟರಿಗೆ ಫ್ರೆಂಚು, ಜರ್ಮನ್ನು ಅರ್ಥವಾಗಲು ಸಾಧ್ಯವೇ ಇಲ್ಲ ಅನ್ನುವುದು ಅವರ ನಿಲುವು. ಇಲ್ಲ ಇಲ್ಲ, ನಾವು ಇಂಗ್ಲಿಷ್ ಬಿಟ್ಟು ಬೇರೆ ಯಾವುದರಲ್ಲೂ ಬರೆಯುವುದಿಲ್ಲ ಅಂತ ಸಮಾಧಾನ ಮಾಡಲು ನಾಲ್ಕು ತಿಂಗಳು ಹಿಡಿಯಿತಂತೆ.

ಸಭೆಯಲ್ಲಿ ಎಲ್ಲರೂ ನಕ್ಕಿರಬೇಕು. ನಾನೂ ಮೊದಲ ಸಲ ಓದಿದಾಗ ನಕ್ಕೆ. ಎರಡನೇ ಸಲ ಅಷ್ಟು ನಗು ಬರಲಿಲ್ಲ. ಆ ನಾಲ್ಕು ತಿಂಗಳಲ್ಲಿ ಮುಚ್ಚಿದ ಬಾಗಿಲು ಪೂರ್ತಿ ತೆರೆದದ್ದು ನನಗಂತೂ ಕಂಡಿಲ್ಲ.

ಆ ಇಂಗ್ಲಿಷ್ ಭಾಷೆಗೆ ಫ್ಲೋ-ಮ್ಯಾಟಿಕ್ ಅಂತ ಹೆಸರಾಯಿತು. 1959ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಮತ್ತು ಕಂಪ್ಯೂಟರ್ ಕಂಪನಿಗಳು ಸೇರಿ, ಎಲ್ಲ ಯಂತ್ರಗಳಿಗೂ ಒಂದೇ ವ್ಯವಹಾರದ ಭಾಷೆ ಬೇಕು ಅಂತ ಸಮಿತಿ ಮಾಡಿದಾಗ, ಫ್ಲೋ-ಮ್ಯಾಟಿಕ್ ಅದಕ್ಕೆ ಬುನಾದಿಯಾಯಿತು. ಕೋಬಾಲ್ ಹುಟ್ಟಿದ್ದು ಹೀಗೆ. ಹಾಪರ್ ಒಬ್ಬರೇ ಕೋಬಾಲ್ ಬರೆದರು ಅಂತ ಎಲ್ಲ ಕಡೆ ಇದೆ, ಅದು ಸರಿಯಲ್ಲ. ಅವರು ಸಲಹೆಗಾರರು. ಕೂತು ಬರೆದವರು ಜೀನ್ ಸ್ಯಾಮೆಟ್, ಗರ್ಟ್ರೂಡ್ ಟಿಯರ್ನಿ, ಹೋವರ್ಡ್ ಬ್ರಾಂಬರ್ಗ್ ಮತ್ತಿತರರು. ಕೆಲಸ ಎಷ್ಟು ನಿಧಾನವಾಗಿತ್ತೆಂದರೆ ಬ್ರಾಂಬರ್ಗ್ ಸಿಟ್ಟಿನಲ್ಲಿ ಕೋಬಾಲ್ ಅಂತ ಕೆತ್ತಿಸಿದ ಒಂದು ಗೋರಿಕಲ್ಲು ಖರೀದಿಸಿ ಪೆಂಟಗನ್ನಿನ ಅಧಿಕಾರಿಗೆ ಪಾರ್ಸೆಲ್ ಕಳಿಸಿದರು. ಆ ಕಲ್ಲು ಈಗ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ, ಕೋಬಾಲ್ ಇನ್ನೂ ಬ್ಯಾಂಕುಗಳಲ್ಲಿದೆ.

ಕೋಬಾಲ್ ಚೆಂದದ ಭಾಷೆಯಾ ಅಂತ ಕೇಳಿದರೆ, ಅಲ್ಲ. ವಾಚಾಳಿ. ಒಂದು ಸಣ್ಣ ಕೆಲಸಕ್ಕೆ ಪುಟಗಟ್ಟಲೆ ಪೀಠಿಕೆ. ಡೈಕ್‌ಸ್ಟ್ರಾ ಅಂತ ದೊಡ್ಡ ವಿಜ್ಞಾನಿ 1975ರಲ್ಲಿ ಬರೆದರು, ಕೋಬಾಲ್ ಬಳಸಿದರೆ ಬುದ್ಧಿ ಊನವಾಗುತ್ತದೆ, ಅದನ್ನು ಕಲಿಸುವುದನ್ನು ಅಪರಾಧ ಅಂತ ಪರಿಗಣಿಸಬೇಕು ಅಂತ. ನನ್ನ ಬುದ್ಧಿಯ ಬಗ್ಗೆ ಮನೆಯವರ ಅಭಿಪ್ರಾಯ ಏನೇ ಇರಲಿ, ಒಂದು ಮಾತು ಹೇಳುತ್ತೇನೆ. ಮೂವತ್ತು ನಲವತ್ತು ವರ್ಷದ ಹಿಂದೆ ಯಾರೋ ಬರೆದು, ರಿಟೈರಾಗಿ, ಬಹುಶಃ ತೀರಿಯೂ ಹೋಗಿರುವ ಪ್ರೋಗ್ರಾಮನ್ನು ತೆರೆದು ಓದಿದರೆ ಏನು ಮಾಡಲು ಹೊರಟಿದ್ದರು ಅಂತ ಗೊತ್ತಾಗುತ್ತದೆ. ಆ ಗುಣ ಎಲ್ಲ ಭಾಷೆಗೂ ಇಲ್ಲ. 2020ರ ಏಪ್ರಿಲ್‌ನಲ್ಲಿ ಕೊರೋನಾ ಬಂದು ಕೆಲಸ ಕಳೆದುಕೊಂಡವರ ಅರ್ಜಿಗಳು ರಾಶಿ ಬಿದ್ದಾಗ, ನ್ಯೂಜೆರ್ಸಿಯ ಗವರ್ನರ್ ಟಿವಿ ಮುಂದೆ ನಿಂತು ಕೋಬಾಲ್ ಬಲ್ಲವರು ಬನ್ನಿ ಅಂತ ಕೇಳಿಕೊಂಡರು. ಅವತ್ತು ನಮ್ಮ ಮನೆಯಲ್ಲಿ ನನಗೆ ಸ್ವಲ್ಪ ಮರ್ಯಾದೆ ಜಾಸ್ತಿಯಾಯಿತು.

ಫ್ರೆಂಚು-ಜರ್ಮನ್ನಿನ ಕಥೆ ಮನಸ್ಸಿನಲ್ಲಿ ಉಳಿದದ್ದರಿಂದ, ನಾನೂ ಅಣ್ಣನ ಮಗನೂ ಸೇರಿ ಒಂದು ಆಟ ಆಡಿದೆವು. ಅವನು ಪಿಯುಸಿ, ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ. ಕನ್ನಡ ವಾಕ್ಯ ಕೊಟ್ಟರೆ ಲೆಕ್ಕ ಮಾಡುವ ಒಂದು ಪುಟ್ಟ ಪ್ರೋಗ್ರಾಮ್ ಬರೆಯೋಣ ಅಂತ. ನಮ್ಮ ವಾಕ್ಯ: ತೂಕವನ್ನು ದರದಿಂದ ಗುಣಿಸಿ ಮೊತ್ತದಲ್ಲಿ ಇಡು.

ಸುಮ್ನೆ ಪದಕ್ಕೆ ಪದ ಬದಲಿಸಿದರೆ ಆಗುತ್ತದೆ ಅಂದುಕೊಂಡಿದ್ದ ಹುಡುಗನಿಗೆ ಬೇಗ ಗೊತ್ತಾಯಿತು. ಇಂಗ್ಲಿಷಿನಲ್ಲಿ ಮೊದಲ ಪದ ನೋಡಿದರೆ ಸಾಕು, ಗುಣಿಸಬೇಕು ಅಂತ ತಿಳಿಯುತ್ತದೆ. ನಮ್ಮಲ್ಲಿ ಏನು ಮಾಡಬೇಕು ಅನ್ನುವುದು ಕೊನೆಗೆ ಬರುತ್ತದೆ, ಅಲ್ಲಿಯವರೆಗೆ ಎಲ್ಲವನ್ನೂ ಕೈಯಲ್ಲಿ ಹಿಡಿದು ಕಾಯಬೇಕು. ಇನ್ನು ವಿಭಕ್ತಿ. ನಾವು ಇಟ್ಟ ಹೆಸರು ತೂಕ, ವಾಕ್ಯದಲ್ಲಿ ಬಂದದ್ದು ತೂಕವನ್ನು.

"ಅತ್ತೆ, ದರ ಅಂದ್ರೆ ದರವನ್ನು, ಬೆಟ್ಟೆ ಅಂದ್ರೆ ಬೆಟ್ಟೆಯನ್ನು. ಎಲ್ಲಿ ವ ಬರುತ್ತೆ, ಎಲ್ಲಿ ಯ ಬರುತ್ತೆ ಅಂತ ಇದಕ್ಕೆ ಹೇಗೆ ಹೇಳೋದು?" ಅಂದ.

"ಹೈಸ್ಕೂಲಲ್ಲಿ ಆಗಮ ಸಂಧಿ ಓದಿದ್ಯಲ್ಲೋ, ಅದನ್ನೇ ಹೇಳು" ಅಂದೆ.

ಮುಖ ನೋಡಬೇಕಿತ್ತು. ಮಾರ್ಕ್ಸಿಗೆ ಉರು ಹೊಡೆದು ಮರೆತಿದ್ದ ಸಂಧಿ, ಕಂಪ್ಯೂಟರಿಗೆ ಕಲಿಸಲು ಬೇಕಾಗುತ್ತದೆ ಅಂತ ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಆದರೆ ಒಮ್ಮೆ ವಿಭಕ್ತಿ ಬಿಡಿಸಲು ಬಂದ ಮೇಲೆ ಒಂದು ಲಾಭವೂ ಸಿಕ್ಕಿತು. ದರದಿಂದ ತೂಕವನ್ನು ಗುಣಿಸಿ ಅಂತ ತಿರುಗಿಸಿ ಬರೆದರೂ ಓಡಿತು! ಯಾರು ಏನು ಅಂತ ವಿಭಕ್ತಿಯೇ ಹೇಳುವುದರಿಂದ ಪದಗಳು ಯಾವ ಕ್ರಮದಲ್ಲಿದ್ದರೂ ನಡೆಯುತ್ತದೆ. ನನ್ನ ಕೋಬಾಲ್‌ನಲ್ಲಿ ಹೀಗೆ ಮಾಡಿದರೆ ಕಂಪೈಲರ್ ಉಗಿಯುತ್ತದೆ.

ಇದರಿಂದ ಕನ್ನಡದಲ್ಲೇ ಪ್ರೋಗ್ರಾಮಿಂಗ್ ಭಾಷೆ ಬಂದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಈಗಿನ ಹುಡುಗರು ಕಲಿಯುವ ಪೈಥಾನ್ ಭಾಷೆಯಲ್ಲಿ, ಭಾಷೆಯೇ ತನಗೆ ಕಾಯ್ದಿರಿಸಿಕೊಂಡ ಇಂಗ್ಲಿಷ್ ಪದಗಳು ಬರೀ 35. ಅಷ್ಟನ್ನು ಯಾವ ಮಗುವಾದರೂ ಕಲಿಯುತ್ತದೆ. ಉಳಿದ ಹೆಸರುಗಳನ್ನು ಈಗಲೇ ಕನ್ನಡದಲ್ಲಿ ಇಡಬಹುದು, ಅಡಿಕೆ = 5 ಅಂತ ಬರೆದರೆ ಪೈಥಾನ್ ತಕರಾರು ಮಾಡುವುದಿಲ್ಲ. '೧೨೩' ಅಂತ ಕನ್ನಡ ಅಂಕಿಯನ್ನು ಬರೆದದ್ದನ್ನು ಸಂಖ್ಯೆ ಮಾಡುವ ಇಂಟ್ ಅನ್ನುವ ಫಂಕ್ಷನ್ನಿಗೆ ಕೊಟ್ಟರೆ 123 ಅಂತ ವಾಪಸ್ ಕೊಡುತ್ತದೆ. ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲವಂತೆ ಅವನಿಗೆ.

ತೊಡಕು ಇರುವುದು ತಪ್ಪಾದಾಗ. ಎಲ್ಲೋ ಒಂದು ಕೋಲನ್ ಬಿಟ್ಟರೆ ಕೆಂಪು ಅಕ್ಷರದಲ್ಲಿ ಇಂಗ್ಲಿಷ್ ಸುರಿಯುತ್ತದೆ. ನಮ್ಮ ಹುಡುಗ ಅದನ್ನು ಓದುವುದೇ ಇಲ್ಲ, ಬೈಗುಳ ಕೇಳಿಸಿಕೊಂಡವನ ಹಾಗೆ ಮುಖ ತಿರುಗಿಸಿ ಇಡೀ ಪ್ರೋಗ್ರಾಮ್ ಅಳಿಸಿ ಮೊದಲಿಂದ ಬರೆಯುತ್ತಾನೆ. ತಪ್ಪು ಎಲ್ಲಿದೆ ಅಂತ ಅದೇ ಸಾಲಿನಲ್ಲಿ ಬರೆದಿರುತ್ತದೆ. ಬುದ್ಧಿಗೇನೂ ಕಮ್ಮಿ ಇಲ್ಲ, ಓದುವ ಧೈರ್ಯ ಇಲ್ಲ. ಪಠ್ಯ ಇಂಗ್ಲಿಷು, ಸಹಾಯದ ಪುಟ ಇಂಗ್ಲಿಷು, ಯೂಟ್ಯೂಬಿನವನು ಹಿಂದಿ. ಈಗ ಎಐ ಬಂದಿದೆ, ಕನ್ನಡದಲ್ಲೇ ಕೇಳಿದರೆ ಪ್ರೋಗ್ರಾಮ್ ಬರೆದುಕೊಡುತ್ತದೆ, ಇನ್ನು ಏನು ತೊಂದರೆ ಅನ್ನುತ್ತಾರೆ. ಬರೆದುಕೊಡುತ್ತದೆ ನಿಜ. ಅದು ಬರೆದದ್ದು ಸರಿಯಾ ಅಂತ ನೋಡಲು ಮತ್ತೆ ಓದಲೇಬೇಕಲ್ವಾ? ಗುಮಾಸ್ತನೂ ಓದಬೇಕು ಅಂತ ತಾನೇ ಹಾಪರ್ ಅಷ್ಟು ಜಗಳವಾಡಿದ್ದು.

ಅವರ ಮುಂದಿನ ಜೀವನ ಬೇಗ ಹೇಳಿಬಿಡುತ್ತೇನೆ. 1966ರ ಕೊನೆಗೆ ನೌಕಾಪಡೆ ರಿಟೈರ್ ಮಾಡಿತು. ಏಳೆಂಟು ತಿಂಗಳಿಗೆ ವಾಪಸ್ ಕರೆಯಿತು, ಬರೀ ಆರು ತಿಂಗಳಿಗೆ ಅಂತ. ಆ ಆರು ತಿಂಗಳು ಮುಗಿದದ್ದು 1986ರಲ್ಲಿ, ಆಗ ಅವರು ರಿಯರ್ ಅಡ್ಮಿರಲ್, ವಯಸ್ಸು 79. ನಡುವೆ 1969ರಲ್ಲಿ ಒಂದು ಸಂಸ್ಥೆ ಅವರಿಗೆ ಕಂಪ್ಯೂಟರ್ ಕ್ಷೇತ್ರದ 'ವರ್ಷದ ಪುರುಷ' ಪ್ರಶಸ್ತಿ ಕೊಟ್ಟಿತು, ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಆಫೀಸಿನ ಗೋಡೆಯ ಮೇಲೆ ಉಲ್ಟಾ ತಿರುಗುವ ಗಡಿಯಾರ ಹಾಕಿಕೊಂಡಿದ್ದರು, ಮೊದಲಿಂದ ಹೀಗೇ ನಡೆದು ಬಂದಿದೆ ಅನ್ನುವವರಿಗೆ ತೋರಿಸಲು. ತೀರಿಕೊಂಡದ್ದು 1992ರ ಜನವರಿ 1.

ನಮ್ಮ ಹತ್ತಿರದ ಸರ್ಕಾರಿ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ಏನಾದರೂ ಹೇಳಿ ಮೇಡಂ ಅಂತ ಕರೆದಾಗ ನಾನು ಹಾಪರ್‌ರ ವಿದ್ಯೆಯನ್ನೇ ತೆಗೆದುಕೊಂಡು ಹೋದೆ. ಅವರು ಭಾಷಣಕ್ಕೆ ಹೋದಲ್ಲೆಲ್ಲ ಒಂದಡಿಗಿಂತ ಚೂರು ಚಿಕ್ಕದಾದ ವೈರಿನ ತುಂಡುಗಳನ್ನು ಹಂಚುತ್ತಿದ್ದರು. ಒಂದು ನ್ಯಾನೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಲ್ಲಿ, ಬೆಳಕು ಹೋಗುವ ದೂರ ಅದು, ಸುಮಾರು 30 ಸೆಂಟಿಮೀಟರ್. ಉಪಗ್ರಹದ ಮೂಲಕ ಸಂದೇಶ ಬರಲು ಯಾಕಿಷ್ಟು ತಡ ಅಂತ ಅಡ್ಮಿರಲ್‌ಗಳು ಕೇಳಿದರೆ, ಇಲ್ಲಿಂದ ಉಪಗ್ರಹದ ತನಕ ಇಂಥ ತುಂಡು ಎಷ್ಟು ಜೋಡಿಸಬೇಕು ನೋಡಿ ಅನ್ನುತ್ತಿದ್ದರು. ಕಂಪ್ಯೂಟರ್ ಯಾಕೆ ಚಿಕ್ಕದಾಗಬೇಕು ಅನ್ನುವುದಕ್ಕೂ ಅದೇ ವೈರು ಉತ್ತರ.

ಮಕ್ಕಳು ಲೆಕ್ಕ ಹಾಕಿದರು. ತುಂಡು ಸಾವಿರ ಸೇರಿದರೆ 300 ಮೀಟರ್, ಅದು ಮೈಕ್ರೋಸೆಕೆಂಡ್. ಅಂಥವು ಸಾವಿರ ಸೇರಿದರೆ 300 ಕಿಲೋಮೀಟರ್, ಹೆಚ್ಚುಕಮ್ಮಿ ಶಿವಮೊಗ್ಗದಿಂದ ಬೆಂಗಳೂರು. ಬಸ್ಸಿನಲ್ಲಿ ಇಡೀ ರಾತ್ರಿ ಹಿಡಿಯುವ ದಾರಿ ಬೆಳಕಿಗೆ ಒಂದು ಮಿಲಿಸೆಕೆಂಡ್! ಕ್ಲಾಸು ಗಲಾಟೆಯೆದ್ದಿತು.

ಹಾಪರ್ ಕೊನೆಯ ವರ್ಷಗಳಲ್ಲಿ ಕಾಳುಮೆಣಸಿನ ಪುಡಿಯ ಪೊಟ್ಟಣಗಳನ್ನೂ ಹಂಚುತ್ತಿದ್ದರು, ಒಂದೊಂದು ಕಣವೂ ಒಂದು ಪಿಕೋಸೆಕೆಂಡ್, ಅಂದರೆ ನ್ಯಾನೋಸೆಕೆಂಡಿನ ಸಾವಿರದಲ್ಲಿ ಒಂದು ಭಾಗ, ಅಂತ. ಅಮೆರಿಕದವರಿಗೆ ಅದು ಪೊಟ್ಟಣದಲ್ಲಿ ಸಿಗುವ ಪುಡಿ, ನಮಗೆ ಅಂಗಳದಲ್ಲಿ ಒಣಗುವ ಕಾಳು. ನಾನು ಮನೆಯಿಂದ ಕಾಳುಮೆಣಸನ್ನೇ ಒಯ್ದಿದ್ದೆ. ಹಿಂದಿನ ಬೆಂಚಿನ ಒಬ್ಬಳು ಸ್ಕೇಲ್ ಇಟ್ಟು ಅಳೆದಳು. ಪಿಕೋಸೆಕೆಂಡಿಗೆ ಬೆಳಕು ಹೋಗುವುದು 0.3 ಮಿಲಿಮೀಟರ್, ಕಾಳು 5 ಮಿಲಿಮೀಟರ್ ಇದೆ, ಇದು ಹದಿನಾರು ಹದಿನೇಳು ಪಿಕೋಸೆಕೆಂಡ್ ಆಯ್ತು ಮೇಡಂ, ಕುಟ್ಟಿಕೊಂಡು ಬರಬೇಕಿತ್ತು ಅಂದಳು.

ಮೇಷ್ಟ್ರಿಗೆ ಈಗ ಮೈಕ್ರೋಸೆಕೆಂಡ್ ತೋರಿಸಲೇಬೇಕಂತೆ. ಪರೀಕ್ಷೆ ಮುಗಿದ ಮೇಲೆ ಫೀಲ್ಡಿನಲ್ಲಿ 300 ಮೀಟರ್ ವೈರ್ ಎಳೆಯುವ ಯೋಚನೆ. ಅಂಗಡಿಯಲ್ಲಿ ಮನೆ ವೈರಿಂಗಿನ ಸುರುಳಿ ಬರುವುದು 90 ಮೀಟರಿನದು, ಮೂರು ತಂದರೂ 30 ಮೀಟರ್ ಕಮ್ಮಿ. ಪರಿಚಯದ ಅಂಗಡಿಯವರು ಸುರುಳಿ ಒಂದು ದಿನದ ಮಟ್ಟಿಗೆ ಕೊಡುತ್ತೇನೆ, ಕತ್ತರಿಸಬೇಡಿ ಅಂದಿದ್ದಾರೆ. ಉಳಿದ ಮೂವತ್ತಕ್ಕೆ ನಮ್ಮ ಪಂಪ್‌ಸೆಟ್ಟಿನ ಹಳೇ ಕೇಬಲ್ ಕೊಟ್ಟಿಗೆಯಲ್ಲಿದೆ, ಇಲಿ ಕಚ್ಚಿರದಿದ್ದರೆ ಸಾಕು.